ಪಾಠ ಅಂಗಳಕ್ಕೆ ಇಳಿದಾಗ: ಮಕ್ಕಳಿಗೆ ಸಿಗುವುದೇನು, ತೊಡಕಿರುವುದೆಲ್ಲಿ

ಜನವರಿಯ ಒಂದು ದಿನ, ಹನ್ನೊಂದೂವರೆ ಹೊತ್ತಿಗೆ, ಏಳನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಶಾಲೆಯ ಧ್ವಜಕಂಬದ ಹತ್ತಿರ ಹೋದೆ. ನಮ್ಮ ಬಳಿ ಇದ್ದದ್ದು ಒಂದು ಮೀಟರ್ ಉದ್ದದ ಕೋಲು, ಒಂದು ಟೇಪು, ಒಂದಿಷ್ಟು ಸೀಮೆಸುಣ್ಣ. ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆದರು, 80 ಸೆಂಟಿಮೀಟರ್ ಬಂತು. ಕಂಬದ ನೆರಳು 4 ಮೀಟರ್ 80. ಹಾಗಾದರೆ ಕಂಬದ ಎತ್ತರ 6 ಮೀಟರ್. ಬೋರ್ಡಿನ ಮೇಲೆ ಒಂದು ವಾರ ಹೇಳಿದರೂ ತಲೆಗೆ ಹತ್ತದಿದ್ದ ಅನುಪಾತ ಐದು ನಿಮಿಷದಲ್ಲಿ ಹತ್ತಿತು ಎಂದು ನಾನು ಹಿಗ್ಗಿದೆ.

ಅಷ್ಟರಲ್ಲಿ ಎರಡನೇ ಗುಂಪಿನ ಸರದಿ ಬಂತು. ಇದ್ದದ್ದು ಒಂದೇ ಟೇಪು, ಹಾಗಾಗಿ ಅವರು ಇಪ್ಪತ್ತು ನಿಮಿಷ ಕಾದಿದ್ದರು. ಕಂಬದ ನೆರಳು ಅವರಿಗೆ ನಾಲ್ಕೂವರೆ ಮೀಟರ್ ಸಿಕ್ಕಿತು. ಕೋಲಿನ ನೆರಳನ್ನು ಮತ್ತೆ ಅಳೆಯುವ ಗೋಜಿಗೆ ಹೋಗದೆ, ಮೊದಲ ಗುಂಪಿನವರು ಬರೆದಿಟ್ಟ 80ನ್ನೇ ಹಾಕಿಕೊಂಡು ಲೆಕ್ಕ ಮಾಡಿದರು. ಕಂಬ 5.6 ಮೀಟರ್‌ಗೆ ಇಳಿಯಿತು! ಎರಡೂ ಗುಂಪಿನವರು ಕಿತ್ತಾಡಿಕೊಂಡು ನನ್ನ ಹತ್ತಿರ ಬಂದರು. ನಾನು ಬಾಯಿ ತೆಗೆಯುವ ಮೊದಲೇ, ತರಗತಿಯೊಳಗೆ ತುಟಿ ಬಿಚ್ಚದ ಒಬ್ಬ ಹುಡುಗ, "ಈ ಕಂಬದ ಪೈಪು ಬರೋದೇ ಇಪ್ಪತ್ತು ಅಡಿ ಮಿಸ್, ನಮ್ಮಪ್ಪ ಬೋರ್‌ವೆಲ್ ಕೆಲಸಕ್ಕೆ ಹೋಗ್ತಾರಲ್ಲ, ಗೊತ್ತು" ಎಂದ. ಇಪ್ಪತ್ತು ಅಡಿ ಎಂದರೆ ಹತ್ತಿರ ಹತ್ತಿರ 6.1 ಮೀಟರ್. ಮೊದಲ ಗುಂಪಿನ ಲೆಕ್ಕವೇ ಸರಿ. ಮತ್ತೆ ಎರಡನೆಯವರದ್ದು ಯಾಕೆ ತಪ್ಪಿತು? ಒಬ್ಬ ಹುಡುಗಿ ಸುಮ್ಮನೆ ಹೋಗಿ ಕೋಲಿನ ನೆರಳನ್ನು ಇನ್ನೊಮ್ಮೆ ಅಳೆದಳು. 75 ಸೆಂಟಿಮೀಟರ್. ಅವರು ಕಾಯುತ್ತಾ ನಿಂತಿದ್ದ ಹೊತ್ತಿನಲ್ಲಿ ಸೂರ್ಯ ಮೇಲೇರಿದ್ದ.

ಹೊರಗಿನ ಪಾಠದಲ್ಲಿ ಒಳ್ಳೆಯದು ಏನಿದೆಯೋ ಅದೆಲ್ಲ ಈ ಒಂದು ಗಂಟೆಯಲ್ಲಿದೆ. ಅದರ ಕಷ್ಟಗಳೂ ಇದೇ ಗಂಟೆಯಲ್ಲಿವೆ. ಒಂದು ಪಿರಿಯಡ್‌ನ ಕೆಲಸ ಎರಡು ಪಿರಿಯಡ್ ತಿಂದಿತು. ನಮ್ಮ ಗಲಾಟೆಗೆ ಪಕ್ಕದ ಕೋಣೆಯಲ್ಲಿ ಐದನೇ ತರಗತಿಯ ಪಾಠ ನಿಂತೇ ಹೋಯಿತು. ಇಬ್ಬರಿಗೆ ಬಿಸಿಲಿಗೆ ತಲೆನೋವು ಬಂತು. ಕಾಲಿನ ತೊಂದರೆ ಇರುವ ಒಬ್ಬ ಹುಡುಗಿ ಅಷ್ಟು ಹೊತ್ತೂ ಜಗಲಿಯ ಮೇಲೆ ಕುಳಿತು ಅಂಕಿ ಬರೆದುಕೊಂಡಳೇ ಹೊರತು ಕಂಬದ ಹತ್ತಿರ ಬರಲಿಲ್ಲ. ಅಂಗಳದ ಜಲ್ಲಿಯ ಮೇಲೆ ಅವಳಿಗೆ ನಡೆಯಲು ಆಗುವುದಿಲ್ಲ ಎನ್ನುವುದು ನನಗೆ ಹೊಳೆದದ್ದೇ ಮನೆಗೆ ಹೋದ ಮೇಲೆ.

ಹೊರಾಂಗಣ ಕಲಿಕೆ ಎಂಬ ಒಂದೇ ಹೆಸರಿನ ಕೆಳಗೆ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ತುರುಕಿಬಿಟ್ಟಿದ್ದೇವೆ. ಮಕ್ಕಳು ಹೊರಗೆ ಆಡುವುದು ಒಂದು. ಪಠ್ಯದ ಪಾಠವನ್ನೇ ಅಂಗಳಕ್ಕೋ, ಕೈತೋಟಕ್ಕೋ, ಊರ ಕೆರೆ ಏರಿಗೋ ಒಯ್ದು ಮಾಡುವುದು ಇನ್ನೊಂದು. ಬಸ್ಸು ಮಾಡಿಕೊಂಡು ದೂರದೂರಿಗೆ ಹೋಗುವ ಶೈಕ್ಷಣಿಕ ಪ್ರವಾಸ ಮತ್ತೊಂದು. ಒಂದರ ಲಾಭವನ್ನು ಇನ್ನೊಂದರ ಲೆಕ್ಕಕ್ಕೆ ಹಾಕುತ್ತೇವೆ, ಒಂದರ ಅಪಾಯಕ್ಕೆ ಹೆದರಿ ಇನ್ನೊಂದಕ್ಕೂ ಬಾಗಿಲು ಹಾಕುತ್ತೇವೆ. ಆ ಮೂರನ್ನೂ ಬಿಡಿಸಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಈ ಯೋಚನೆ ಹೊಸದೇನಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಮರದ ಕೆಳಗೆ ಮಕ್ಕಳನ್ನು ಕೂರಿಸಿ ಶಾಲೆ ಶುರು ಮಾಡಿದರು. 1904ರಲ್ಲಿ ಬರ್ಲಿನ್ ಪಕ್ಕದ ಶಾರ್ಲೊಟೆನ್‌ಬುರ್ಗ್‌ನಲ್ಲಿ, ಕ್ಷಯ ತಗಲುವ ಭಯವಿದ್ದ ಬಡಕಲು ಮಕ್ಕಳಿಗಾಗಿ ಕಾಡಿನೊಳಗೆ ಬಯಲು ಶಾಲೆ ತೆರೆದರು. ನಮ್ಮಲ್ಲೇ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗ ಮಾಡಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಬ್ಯಾಗ್ ಇಲ್ಲದ ಹತ್ತು ದಿನಗಳ ಮಾತಾಡುತ್ತದೆ. ಹೇಳುವವರಿಗೆ ಕೊರತೆ ಎಂದೂ ಇರಲಿಲ್ಲ. ಮಾಡುವಾಗ ಏನಾಗುತ್ತದೆ ಎಂಬುದು ಬೇರೆ ಮಾತು.

ಲಾಭಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಓದಿಗೆ ಸಂಬಂಧಪಟ್ಟದ್ದಕ್ಕಲ್ಲ, ಕಣ್ಣಿಗೆ ಸಂಬಂಧಪಟ್ಟದ್ದಕ್ಕೆ. ಇದನ್ನು ನಾನು ಪ್ರತಿ ಪೋಷಕರ ಸಭೆಯಲ್ಲೂ ಹೇಳುತ್ತೇನೆ. ಹತ್ತಿರದ್ದು ಕಾಣುತ್ತದೆ, ಬೋರ್ಡು ಮಸುಕು ಎನ್ನುವ ಮಕ್ಕಳು ಈಗ ಪ್ರತಿ ತರಗತಿಯಲ್ಲೂ ಇದ್ದಾರೆ. ಸಮೀಪದೃಷ್ಟಿ ಎಂದರೆ ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಹಿಂದಕ್ಕೆ ಬೇಕಾದ್ದಕ್ಕಿಂತ ಉದ್ದವಾಗಿ ಬೆಳೆದುಬಿಡುವುದು. ಆಗ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ಈ ಬೆಳವಣಿಗೆಗೆ ಕಡಿವಾಣ ಹಾಕುವುದರಲ್ಲಿ ಬೆಳಕಿನ ಪಾತ್ರವಿದೆ. ಪ್ರಖರ ಬೆಳಕಿಗೆ ಅಕ್ಷಿಪಟದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚು ಬಿಡುಗಡೆಯಾಗುತ್ತದೆ, ಅದು ಕಣ್ಣುಗುಡ್ಡೆ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಚೆನ್ನಾಗಿ ಬೆಳಕಿರುವ ತರಗತಿ ಕೋಣೆಯಲ್ಲಿ 300ರಿಂದ 500 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಿದ್ದರೆ ಹೆಚ್ಚು. ಮಧ್ಯಾಹ್ನದ ತೆರೆದ ಬಯಲಿನಲ್ಲಿ ಅದು ಒಂದು ಲಕ್ಷದ ಹತ್ತಿರ ಹೋಗುತ್ತದೆ. ಮರದ ನೆರಳಲ್ಲಿ ಕುಳಿತರೂ ಕೋಣೆಯೊಳಗಿನ ಬೆಳಕಿಗೆ ಹಲವು ಪಟ್ಟು ಸಿಗುತ್ತದೆ, ಬಿಸಿಲಲ್ಲಿ ಬೇಯಬೇಕಾದ್ದೇನೂ ಇಲ್ಲ.

ಚೀನಾದ ಗ್ವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಆರು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಾ 40 ನಿಮಿಷದ ಒಂದು ಹೊರಗಿನ ಪಿರಿಯಡ್ ಹೆಚ್ಚಿಗೆ ಕೊಟ್ಟರು, ಉಳಿದ ಆರು ಶಾಲೆಗಳು ಎಂದಿನಂತೆ ನಡೆದವು. ಮೂರು ವರ್ಷ ಕಳೆಯುವಷ್ಟರಲ್ಲಿ ಎಂದಿನಂತೆ ನಡೆದ ಶಾಲೆಗಳಲ್ಲಿ 39.5 ಶೇಕಡಾ ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು, ಹೊರಗೆ ಹೋದ ಮಕ್ಕಳಲ್ಲಿ 30.4 ಶೇಕಡಾ. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ನೂರಕ್ಕೆ ಒಂಬತ್ತು ಮಕ್ಕಳು ಕನ್ನಡಕದಿಂದ ಉಳಿದುಕೊಂಡರು, ಇಲ್ಲವೇ ಕನ್ನಡಕ ಬರುವುದು ಮುಂದಕ್ಕೆ ಹೋಯಿತು ಎಂದರೆ ಸಣ್ಣ ಮಾತಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕಣ್ಣಿಗೆ ಬೇಕಾದ್ದು ಬೆಳಕು, ಪಾಠವಲ್ಲ. ಆ ಹೊತ್ತಿನಲ್ಲಿ ಮಗು ಅನುಪಾತ ಕಲಿತರೂ ಒಂದೇ, ಕುಂಟೆಬಿಲ್ಲೆ ಆಡಿದರೂ ಒಂದೇ. ಪರೀಕ್ಷೆ ಹತ್ತಿರ ಬಂದ ಕೂಡಲೇ ಆಟದ ಪಿರಿಯಡ್ ಕಿತ್ತುಕೊಂಡು ಗಣಿತ ಹಾಕುವ ನಮ್ಮ ಚಾಳಿ ಇದೆಯಲ್ಲ, ಅದು ಮಕ್ಕಳ ಕಣ್ಣಿಗೇ ಕೈ ಹಾಕಿದ ಹಾಗೆ. ಆದರೆ ಈಗಾಗಲೇ ಕನ್ನಡಕ ಬಂದ ಮಗುವಿಗೂ ಇದು ಮದ್ದು ಎಂದು ಯಾರೂ ನಂಬಿಸಬಾರದು. ಬರದಂತೆ ತಡೆಯುವುದಕ್ಕೆ ಪುರಾವೆ ಗಟ್ಟಿ ಇದೆ, ಬಂದದ್ದನ್ನು ನಿಲ್ಲಿಸುವುದಕ್ಕೆ ಅಷ್ಟಿಲ್ಲ.

ಗಮನದ ವಿಷಯಕ್ಕೆ ಬಂದರೆ, ಹೊರಗೆ ಹೋದರೆ ಮಕ್ಕಳು ಕೈಗೆ ಸಿಗುವುದಿಲ್ಲ, ಒಳಗೆ ಬಂದ ಮೇಲೂ ಅದೇ ಗುಂಗಿನಲ್ಲಿರುತ್ತಾರೆ ಎನ್ನುವುದು ಶಿಕ್ಷಕರ ದೊಡ್ಡ ಹೆದರಿಕೆ. ಅಮೆರಿಕದಲ್ಲಿ ಸಂಶೋಧಕಿ ಮಿಂಗ್ ಕುವೊ ಮತ್ತು ಸಂಗಡಿಗರು ಇದನ್ನೇ ನೋಡಿದರು. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಹತ್ತು ವಾರಗಳ ಕಾಲ ಒಂದೇ ವಿಷಯದ ಪಾಠವನ್ನು ಒಮ್ಮೆ ಹುಲ್ಲಿನ ಮೇಲೆ, ಒಮ್ಮೆ ಕೋಣೆಯಲ್ಲಿ ಮಾಡಿಸಿ, ಅದರ ನಂತರದ ಒಳಗಿನ ಪಾಠದಲ್ಲಿ ಮಕ್ಕಳು ಹೇಗಿರುತ್ತಾರೆ ಎಂದು ಲೆಕ್ಕ ಹಾಕಿದರು. ಹೊರಗೆ ಹೋಗಿ ಬಂದ ಮೇಲೆ, ಪಾಠ ನಿಲ್ಲಿಸಿ "ಇಲ್ಲಿ ನೋಡು", "ಸುಮ್ಮನೆ ಕೂತ್ಕೋ" ಎನ್ನಬೇಕಾದ ಸಲ ಸುಮಾರು ಅರ್ಧಕ್ಕೆ ಇಳಿದಿತ್ತು. ನಮ್ಮ ಹೆದರಿಕೆಗೆ ಇದು ತದ್ವಿರುದ್ಧ. ಆದರೂ ಅದು ಇಬ್ಬರೇ ಶಿಕ್ಷಕರ ತರಗತಿಗಳಲ್ಲಿ ನಡೆದ ಸಣ್ಣ ಅಧ್ಯಯನ. ಈ ಕ್ಷೇತ್ರದ ಬಹುಪಾಲು ಅಧ್ಯಯನಗಳು ಹೀಗೇ ಇವೆ. ಹೊರಗೆ ಪಾಠ ಮಾಡುವ ಹುಮ್ಮಸ್ಸು ಇರುವವರೇ ಮುಂದೆ ಬರುತ್ತಾರೆ, ಅಂಥವರ ತರಗತಿ ಕೋಣೆಯೊಳಗೂ ಚೆನ್ನಾಗಿಯೇ ಇರುತ್ತದೆ. ಮರ ಕಲಿಸಿದ್ದೆಷ್ಟು, ಮೇಷ್ಟ್ರು ಕಲಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ನನ್ನ ಕಣ್ಣೆದುರು ನಾನು ಕಂಡ ಲಾಭ ಬೇರೆಯದು. ಅದು ಆ ಬೋರ್‌ವೆಲ್ ಕೆಲಸಗಾರರ ಮಗನದ್ದು. ಪುಸ್ತಕದ ಭಾಷೆಯಲ್ಲಿ ಹಿಂದೆ ಬೀಳುವ ಮಗುವಿಗೆ ಅಂಗಳದ ಭಾಷೆ ಗೊತ್ತಿರುತ್ತದೆ. ಕೆಂಪು ಮಣ್ಣು, ಎರೆ ಮಣ್ಣು, ಯಾವುದರಲ್ಲಿ ನೀರು ನಿಲ್ಲುತ್ತದೆ, ಯಾವುದು ಬಿರುಕು ಬಿಡುತ್ತದೆ ಎಂದು ಆರನೇ ತರಗತಿಯ ರೈತರ ಮಗಳು ನನಗಿಂತ ಚೆನ್ನಾಗಿ ಹೇಳುತ್ತಾಳೆ. ಹೊರಗೆ ಹೋದ ದಿನ ತರಗತಿಯ ಬುದ್ಧಿವಂತರ ಪಟ್ಟಿ ಬದಲಾಗುತ್ತದೆ. ಮಕ್ಕಳು ಒಬ್ಬರನ್ನೊಬ್ಬರು ಬೇರೆ ಕಣ್ಣಿನಿಂದ ನೋಡುತ್ತಾರೆ. ಇದನ್ನು ಅಳೆಯುವ ಟೇಪು ನನ್ನ ಹತ್ತಿರ ಇಲ್ಲ, ಆದರೆ ಹೊರಗಿನ ಪಾಠವನ್ನು ನಾನು ಬಿಡದಿರುವುದಕ್ಕೆ ಮುಖ್ಯ ಕಾರಣ ಇದೇ.

ಇನ್ನು ತೊಡಕುಗಳು. ಇವುಗಳನ್ನು ಬಾಯಿಮಾತಿಗೆ ಹೇಳಿ ಮುಂದೆ ಹೋಗುವವರನ್ನು ಕಂಡರೆ ನನಗೆ ಬೇಸರ, ಏಕೆಂದರೆ ತೊಂದರೆ ಆಗುವುದು ಮಕ್ಕಳಿಗೆ.

ಕರ್ನಾಟಕದ ಅಂಗಳ ಒಂದೇ ಥರದ್ದಲ್ಲ. ರಾಯಚೂರು, ಕಲಬುರಗಿ ಕಡೆ ಮಾರ್ಚ್ ಬಂತೆಂದರೆ ಹತ್ತು ಗಂಟೆಯ ಮೇಲೆ ಬಯಲಿನಲ್ಲಿ ಮಕ್ಕಳನ್ನು ನಿಲ್ಲಿಸುವುದು ತಪ್ಪು. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ ಮಳೆಗೆ ಶಾಲೆಗೇ ರಜೆ ಕೊಡಬೇಕಾಗುತ್ತದೆ. ಮಲೆನಾಡಿನಲ್ಲಂತೂ ಕಾಡಿನಂಚಿನ ಪಾಠಕ್ಕೆ ಹವಾಮಾನ ಹಿತವಾಗಿರುವ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ವೈರಸ್ ಉಣುಗುಗಳ ಕಡಿತದಿಂದ ಹರಡುತ್ತದೆ, ಮರಿ ಉಣುಗುಗಳು ತರಗೆಲೆಯ ಮೇಲೆ ಹೆಚ್ಚಾಗುವ ಚಳಿಗಾಲ, ಬೇಸಿಗೆಯ ಒಣ ತಿಂಗಳುಗಳಲ್ಲಿ ಅದರ ಹಾವಳಿ ಜಾಸ್ತಿ. ವಿದೇಶದ ಕಾಡುಶಾಲೆಗಳ ಚಿತ್ರ ನೋಡಿ, ಮಕ್ಕಳನ್ನು ತರಗೆಲೆಯ ಮೇಲೆ ಉರುಳಾಡಿಸೋಣ ಎಂದು ಹೊರಡುವವರು ಶಿವಮೊಗ್ಗ, ಉತ್ತರ ಕನ್ನಡದ ಅಮ್ಮಂದಿರನ್ನು ಒಮ್ಮೆ ಕೇಳಬೇಕು. ಹಾವಿನದ್ದೂ ಹಾಗೇ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕೈತೋಟದ ಪಕ್ಕದ ಕಲ್ಲುರಾಶಿ, ಸೌದೆ ರಾಶಿ ತೆಗೆಸದೆ ಮಕ್ಕಳನ್ನು ಅಲ್ಲಿಗೆ ಬಿಡಬಾರದು. ಬರಿಗಾಲಲ್ಲಿ ಮಣ್ಣು ತುಳಿಯಲಿ ಎನ್ನುವವರಿಗೆ ಕೊಕ್ಕೆಹುಳು ಕಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ ಎಂಬುದೂ ಗೊತ್ತಿರಲಿ. ಶಾಲೆಯಲ್ಲಿ ಆರು ತಿಂಗಳಿಗೊಮ್ಮೆ ಅಲ್ಬೆಂಡಜೋಲ್ ಮಾತ್ರೆ ನುಂಗಿಸುವುದು ಇಂಥ ಹುಳುಗಳಿಗಾಗಿಯೇ.

ಕಣ್ಣಿಗೆ ಕಾಣದ ತೊಡಕುಗಳು ಇನ್ನೂ ಆಳದವು. 2020ರಲ್ಲಿ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಕರ್ನಾಟಕ ಸರ್ಕಾರ ವಿದ್ಯಾಗಮ ಎಂಬ ಕಾರ್ಯಕ್ರಮ ತಂದಿತು. ಶಿಕ್ಷಕರೇ ಊರೂರಿಗೆ, ಓಣಿ ಓಣಿಗೆ ಹೋಗಿ, ಮರದ ಕೆಳಗೆ, ಮನೆಯ ಜಗಲಿಯಲ್ಲಿ, ಗುಡಿಯ ಕಟ್ಟೆಯ ಮೇಲೆ ಸಣ್ಣ ಸಣ್ಣ ಗುಂಪು ಕೂರಿಸಿ ಪಾಠ ಮಾಡಿದರು. ಇಡೀ ರಾಜ್ಯದ ಸರ್ಕಾರಿ ಶಾಲೆಗಳು ಒಟ್ಟಿಗೆ ಹೊರಗೆ ಬಂದದ್ದು ನನ್ನ ತಿಳಿವಳಿಕೆಯಲ್ಲಿ ಅದೊಂದೇ ಸಲ. ಮೊಬೈಲ್ ಇಲ್ಲದ ಮಕ್ಕಳಿಗೆ ಅಕ್ಷರದ ನಂಟು ತಪ್ಪದಂತೆ ಉಳಿಸಿದ್ದು ಅದೇ. ನನ್ನ ಗುಂಪಿನ ಮಕ್ಕಳ ಅಜ್ಜಿಯರು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು, ಮಗ್ಗಿ ತಪ್ಪಿದರೆ ತಿದ್ದುತ್ತಿದ್ದರು. ಆದರೆ ಜಾಗ ಹುಡುಕುವಾಗ ನನಗೆ ತಿಳಿದದ್ದು, ಊರಿನಲ್ಲಿ ಎಲ್ಲರದ್ದೂ ಆದ ಜಾಗ ಬಹಳ ಕಡಿಮೆ ಎಂದು. ಗುಡಿಯ ಕಟ್ಟೆ ಎಲ್ಲ ಮಕ್ಕಳಿಗೂ ಒಂದೇ ಥರ ತೆರೆದಿರುವುದಿಲ್ಲ. ಯಾರ ಮನೆಯ ಜಗಲಿಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎನ್ನುವುದನ್ನು ಮಕ್ಕಳು ನಮಗಿಂತ ಮೊದಲು ತಿಳಿದಿರುತ್ತಾರೆ. ಶಾಲೆಯ ನಾಲ್ಕು ಗೋಡೆಗೆ ಒಂದು ದೊಡ್ಡ ಗುಣವಿದೆ, ಅದು ಯಾರದ್ದೂ ಅಲ್ಲ, ಆದ್ದರಿಂದ ಎಲ್ಲರದ್ದು. ಹೊರಗೆ ಹೋದರೆ ಆ ರಕ್ಷಣೆಯನ್ನೂ ಬಿಟ್ಟು ಹೋಗುತ್ತೇವೆ. ಅದೇ ಅಕ್ಟೋಬರಿನಲ್ಲಿ, ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ಸುದ್ದಿಗಳು ಬಂದ ಮೇಲೆ, ವಿದ್ಯಾಗಮವನ್ನು ನಿಲ್ಲಿಸಿದರು. ಮುಂದೆ ಅದು ಮತ್ತೆ ಶುರುವಾದದ್ದು ಶಾಲೆಯ ಆವರಣದೊಳಗೆ.

ಪೋಷಕರ ಮಾತನ್ನೂ ಕೇಳಬೇಕು. "ನಾವು ಮಣ್ಣು ಹೊತ್ತಿದ್ದು ಸಾಕು ಮೇಡಂ, ಇವನಾದ್ರೂ ಕುರ್ಚಿ ಮೇಲೆ ಕೂತು ಓದ್ಲಿ" ಎಂದು ಒಬ್ಬ ತಾಯಿ ನನ್ನ ಮುಖಕ್ಕೇ ಹೇಳಿದ್ದಾರೆ. ಪೇಟೆಯ ಅಪಾರ್ಟ್‌ಮೆಂಟ್‌ನಲ್ಲಿ ಬೆಳೆದ ಮಗುವಿಗೆ ಹೊಲ ಎಂದರೆ ಬೆರಗು. ಕೂಲಿಯವರ ಮಗುವಿಗೆ ಹೊಲ ಎಂದರೆ ರಜೆಯ ದಿನದ ದುಡಿಮೆ. ಅದರಲ್ಲೂ ಹೊರಗಿನ ಪಾಠದ ಹೆಸರಿನಲ್ಲಿ ಕಸ ಗುಡಿಸುವುದು, ಗಿಡಕ್ಕೆ ನೀರು ಹೊರುವುದು ಕೆಲವೇ ಮಕ್ಕಳ ಪಾಲಿಗೆ ಬಂದರೆ ಅದು ಪಾಠವಾಗಿ ಉಳಿಯುವುದಿಲ್ಲ. ನಾನು ಆ ತಾಯಿಯನ್ನು ಒಂದು ದಿನ ಶಾಲೆಗೆ ಕರೆದು, ಮಗ ಕೈತೋಟದ ಪಾತಿಯ ವಿಸ್ತೀರ್ಣವನ್ನು ಹೇಗೆ ಲೆಕ್ಕ ಹಾಕುತ್ತಾನೆ ಎಂದು ತೋರಿಸಿದೆ. ಗುದ್ದಲಿ ಹಿಡಿದವನು ಪೆನ್ಸಿಲನ್ನೂ ಹಿಡಿದಿದ್ದ, ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದ. ಅದನ್ನು ನೋಡಿದ ಮೇಲೆ ಅವರ ಆಕ್ಷೇಪ ಇಳಿಯಿತು. ಹೊರಗೆ ಮಾಡಿದ್ದು ನೋಟ್‌ಬುಕ್ಕಿಗೆ ಬರದಿದ್ದರೆ ಅವರ ಆಕ್ಷೇಪವೇ ಸರಿ.

ಶಿಕ್ಷಕರ ಪಾಡನ್ನು ಚಿಕ್ಕದಾಗಿ ಹೇಳುತ್ತೇನೆ. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಹೊರಗೆ ಹೋದರೆ ಇನ್ನೊಬ್ಬರ ತಲೆಯ ಮೇಲೆ ಉಳಿದ ಎಲ್ಲ ತರಗತಿಗಳು. ಬಯಲಿನಲ್ಲಿ ಮಾತು ತೇಲಿಹೋಗುತ್ತದೆ, ಸಂಜೆಗೆ ಗಂಟಲು ಕೂತಿರುತ್ತದೆ. ಒಂದು ಮಗು ಬಿದ್ದು ಕೈ ಮುರಿದುಕೊಂಡರೆ ಉತ್ತರ ಕೊಡಬೇಕಾದವರು ಒಬ್ಬರೇ. ದೊಡ್ಡ ಹುಡುಗಿಯರನ್ನು ಅರ್ಧ ದಿನ ಹೊರಗೆ ಕರೆದೊಯ್ಯುವಾಗ ಶೌಚಾಲಯ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಆ ಹುಡುಗಿಯರು ಬೆಳಗ್ಗೆಯಿಂದ ನೀರನ್ನೇ ಕುಡಿಯದೆ ಬರುತ್ತಾರೆ.

ಈಗ ಮೂರನೆಯದಾದ ಪ್ರವಾಸಕ್ಕೆ ಬರುತ್ತೇನೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಮೊದಲ ಸಲ ಸಮುದ್ರ ಕಂಡ ಮಗುವಿಗೆ ನೀರಿನ ಸೆಳೆತ ತಿಳಿಯುವುದಿಲ್ಲ. ನೂರಾರು ಕಿಲೋಮೀಟರ್ ರಾತ್ರಿ ಬಸ್ಸು, ನಿದ್ದೆಗೆಟ್ಟ ಶಿಕ್ಷಕರು, ಗುರುತಿಲ್ಲದ ಊರು, ನೀರು. ಅಪಾಯಗಳೆಲ್ಲ ಒಂದೇ ಕಡೆ ಸೇರುವುದು ಇಂಥ ಪ್ರವಾಸದಲ್ಲಿ. ಕಲಿಕೆಯೂ ಅಲ್ಲಿ ಕಡಿಮೆಯೇ. ಸಂಶೋಧಕ ಜಾನ್ ಫಾಕ್ ಮತ್ತು ಜೊತೆಗಾರರು 1978ರಲ್ಲೇ ಇದನ್ನು ಗುರುತಿಸಿದ್ದರು. ಜಾಗ ತೀರಾ ಹೊಸದಾದರೆ ಮಗುವಿನ ಮನಸ್ಸೆಲ್ಲ ಆ ಜಾಗವನ್ನು ಅರಗಿಸಿಕೊಳ್ಳುವುದಕ್ಕೇ ಖರ್ಚಾಗುತ್ತದೆ, ಹೇಳಿಕೊಟ್ಟ ಪಾಠಕ್ಕೆ ಏನೂ ಉಳಿಯುವುದಿಲ್ಲ. ಪ್ರವಾಸವೇ ಬೇಡ ಎನ್ನುತ್ತಿಲ್ಲ. ಹಳ್ಳಿಯ ಮಗು ಹಂಪಿ ನೋಡಬೇಕು, ಗೆಳೆಯರ ಜೊತೆ ಬಸ್ಸಿನಲ್ಲಿ ಹಾಡಬೇಕು. ಆದರೆ ಅದನ್ನು ಸಂತೋಷದ ಲೆಕ್ಕಕ್ಕೆ ಬರೆಯೋಣ. ವರ್ಷಕ್ಕೊಂದು ಪ್ರವಾಸ ಮುಗಿಸಿ ಹೊರಾಂಗಣ ಕಲಿಕೆ ಆಯಿತು ಎಂದು ದಾಖಲೆ ಬರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ವರ್ಷಕ್ಕೆ ಮೂರು ದಿನ ದೂರ ಹೋಗುವುದಕ್ಕಿಂತ ವಾರಕ್ಕೊಂದು ಪಿರಿಯಡ್ ಅದೇ ಅಂಗಳಕ್ಕೆ, ಅದೇ ಮರದ ಹತ್ತಿರ ಹೋಗುವುದು ಮಕ್ಕಳಿಗೆ ಹೆಚ್ಚು ಕೊಡುತ್ತದೆ. ಜಾಗ ಹಳತಾದಷ್ಟೂ ಪಾಠ ಕಣ್ಣಿಗೆ ಬೀಳುತ್ತದೆ, ಅಪಾಯ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಖರ್ಚೂ ಇಲ್ಲ.

ಹತ್ತಿರದಲ್ಲಿ ಏನಿದೆ ಎನ್ನುವವರಿಗೆ, ಬೆಂಗಳೂರಿನ ಮಕ್ಕಳಿಗೆ ಲಾಲ್‌ಬಾಗ್ ಬಂಡೆ ಇದೆ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಮೈದಾನವೇ ಇಲ್ಲದ ಶಾಲೆಗೆ ರಸ್ತೆಬದಿಯ ಒಂದು ಹೊಂಗೆ ಮರ ಸಾಕು. ಯಾವ ವಾರ ಎಲೆ ಉದುರಿತು, ಯಾವ ವಾರ ಚಿಗುರಿತು, ಯಾವಾಗ ಹೂ ಬಂತು ಎಂದು ಬರೆದಿಡಬಹುದು. ಸೀಸನ್‌ವಾಚ್ ಎಂಬ ಯೋಜನೆಯಡಿ ದೇಶದ ಹಲವು ಶಾಲೆಗಳ ಮಕ್ಕಳು, ಅದರಲ್ಲೂ ಕೇರಳದವರು, 2010ರ ಈಚೆಗೆ ಇದನ್ನೇ ಮಾಡುತ್ತಿದ್ದಾರೆ. ಅವರ ದಾಖಲೆ ವಿಜ್ಞಾನಿಗಳಿಗೂ ಉಪಯೋಗಕ್ಕೆ ಬರುತ್ತದೆ. ನಮ್ಮ ಶಾಲೆಯಲ್ಲಿ ನಾನು ಮಾಡಿಕೊಂಡ ಏರ್ಪಾಡು ಇಷ್ಟೇ: ಶನಿವಾರ ಬೆಳಗಿನ ಮೊದಲ ಪಿರಿಯಡ್, ಬಿಸಿಲು ಏರುವ ಮೊದಲು. ಹೊರಗೆ ಏನು ಹುಡುಕಬೇಕು ಎಂಬ ಒಂದೇ ಪ್ರಶ್ನೆಯನ್ನು ಒಳಗೇ ಬರೆದುಕೊಂಡು ಹೋಗುವುದು, ಒಳಗೆ ಬಂದು ಉತ್ತರ ಬರೆಯುವುದು. ಜಲ್ಲಿಯ ಮೇಲೆ ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರಿಂದ ಹೇಳಿಸಿ ಕಡಪ ಕಲ್ಲು ಹಾಸಿಸಿದೆ. ಕಾಲಿನ ತೊಂದರೆಯಿದ್ದ ಆ ಹುಡುಗಿ ಈಗ ಕಂಬದವರೆಗೂ ಬರುತ್ತಾಳೆ.

ಕಂಬದ ಕತೆಗೆ ಇನ್ನೊಂದು ಭಾಗ ಇದೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಎರಡು ದಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ನೆಟ್ಟಗೆ ನಿಂತ ವಸ್ತುವಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಉತ್ತರಕ್ಕೆ ಹೋದಂತೆ ಆಗಸ್ಟಿನ ದಿನ ಹಿಂದಕ್ಕೆ ಬರುತ್ತದೆ, ಬೀದರ್‌ನಲ್ಲಿ ಆಗಸ್ಟ್ ಮೊದಲ ವಾರದಲ್ಲೇ. ಏಪ್ರಿಲ್‌ನಲ್ಲಿ ನಮಗೆ ಬೇಸಿಗೆ ರಜೆ, ಆಗಸ್ಟ್ ಒಂದೇ ಗತಿ. ಆಗಸ್ಟಿನಲ್ಲಿ ಮೋಡ. ಕಳೆದ ಸಲ ಹನ್ನೆರಡು ಗಂಟೆಯಿಂದ ಮಕ್ಕಳು ಕೋಲು ನೆಟ್ಟು ಕಾದರು. ಹನ್ನೆರಡೂ ಇಪ್ಪತ್ತು ದಾಟುವ ಹೊತ್ತಿಗೆ ಮೋಡ ಸ್ವಲ್ಪ ಸರಿಯಿತು. ಕಂಬದ ನೆರಳು ಅದರ ಬುಡದಲ್ಲೇ ಅಡಗಿ ಕುಳಿತಿತ್ತು, ಕೋಲಿನದ್ದೂ ಹಾಗೇ. ಎಲ್ಲರೂ ಹೋ ಎಂದು ಕೂಗುತ್ತಿರುವಾಗ ಅಂದು ಜಗಲಿಯ ಮೇಲೆ ಕುಳಿತು ಅಂಕಿ ಬರೆದುಕೊಂಡಿದ್ದ ಆ ಹುಡುಗಿ ಜನವರಿಯ ನೋಟ್‌ಬುಕ್ ತೆಗೆದು ನನ್ನ ಮುಂದೆ ಹಿಡಿದಳು. "ಕೋಲಿನ ನೆರಳೂ ಸೊನ್ನೆ, ಕಂಬದ ನೆರಳೂ ಸೊನ್ನೆ. ಈಗ ಕಂಬದ ಎತ್ತರ ಎಷ್ಟು ಮಿಸ್?"